ಮರೆಯಲ್ಲಿರುವುದೆಲ್ಲ ಕಸವಲ್ಲ

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಪಠ್ಯ)



ಸಮಾರೋಪದಲ್ಲಿ ಹಿತವಚನ ಹೇಳುವುದು ವಾಡಿಕೆ. ಆದರೆ ಇಷ್ಟು ದಿನ ಲಿನಕ್ಸ್ ಕಲಿತ ನಿಮಗೆ ಹಿತವಚನಕ್ಕಿಂತ ಒಂದು ಕೆಲಸ ಹೇಳಿಕೊಡುವುದು ಮೇಲು ಎಂದು ನನಗೆ ಅನಿಸಿತು. ಅಡಗಿರುವ ಫೈಲುಗಳಲ್ಲಿ ಬೇಡವಾದವನ್ನು ಮಾತ್ರ ಹುಡುಕಿ ಅಳಿಸುವುದು ಹೇಗೆ ಎಂಬುದೇ ಆ ಕೆಲಸ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಒಂದು ದೊಡ್ಡ ತಪ್ಪಿನಿಂದ. ಆ ತಪ್ಪನ್ನೂ ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು, ಅಡಗಿದ ಫೈಲ್ ಎಂದರೇನು? ಯುನಿಕ್ಸ್ 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಂಗಡಿಗರ ಕೈಯಲ್ಲಿ ಹುಟ್ಟಿತು. ಅದರಲ್ಲಿ ಪ್ರತಿ ಫೋಲ್ಡರಿಗೂ ಎರಡು ವಿಶೇಷ ಹೆಸರುಗಳಿವೆ. ಒಂದು ಚುಕ್ಕೆ ಎಂದರೆ ಇದೇ ಫೋಲ್ಡರ್, ಎರಡು ಚುಕ್ಕೆ ಎಂದರೆ ಇದರ ಮೇಲಿನ ಫೋಲ್ಡರ್. ಪಟ್ಟಿ ತೋರಿಸುವ 'ಎಲ್‌ಎಸ್' ಕಮಾಂಡಿನಲ್ಲಿ ಇವೆರಡು ಕಾಣಬಾರದೆಂದು ಬರೆದ ಪ್ರೋಗ್ರಾಮು, ಹೆಸರಿನ ಮೊದಲ ಅಕ್ಷರ ಚುಕ್ಕೆಯೇ ಎಂದು ಮಾತ್ರ ನೋಡಿತು. ಹೀಗಾಗಿ ಚುಕ್ಕೆಯಿಂದ ಆರಂಭವಾಗುವ ಎಲ್ಲ ಹೆಸರುಗಳೂ ಮರೆಯಾದವು. ಬೆಲ್ ಲ್ಯಾಬ್ಸ್‌ನಲ್ಲಿ ದುಡಿದಿದ್ದ ರಾಬ್ ಪೈಕ್ ಅವರು 2012ರಲ್ಲಿ ಇದನ್ನು ವಿವರಿಸಿ ಬರೆದಿದ್ದಾರೆ. ಆದ್ದರಿಂದ ಈ ಚುಕ್ಕೆ ಬೀಗವಲ್ಲ, ಬರೀ ಪರದೆ. 'ಎಲ್‌ಎಸ್ -ಎ' ಎಂದರೆ ಪರದೆ ಸರಿಯುತ್ತದೆ.

ಪರದೆಯ ಹಿಂದೆ ಇರುವುದೆಲ್ಲ ಕಸವಲ್ಲ. ದೂರದ ಕಂಪ್ಯೂಟರನ್ನು ಪ್ರವೇಶಿಸುವ ಕೀಲಿಗಳು '.ಎಸ್‌ಎಸ್‌ಎಚ್' ಫೋಲ್ಡರಿನಲ್ಲಿರುತ್ತವೆ. ಪ್ರೋಗ್ರಾಮ್ ಬರೆಯುವವರು ಮಾಡಿದ ಬದಲಾವಣೆಗಳ ಇಡೀ ಚರಿತ್ರೆ '.ಗಿಟ್' ಒಳಗಿರುತ್ತದೆ. ವಿಮ್ ಎಡಿಟರಿನಲ್ಲಿ ಬರೆಯುತ್ತಿರುವಾಗ ಕರೆಂಟ್ ಹೋದರೆ, ಸೇವ್ ಮಾಡದ ಬರಹವನ್ನು ಮರಳಿ ಕೊಡಬಲ್ಲದ್ದು ಒಂದು ಅಡಗಿದ ಸ್ವಾಪ್ ಫೈಲ್. ಇವನ್ನು ಕಸವೆಂದು ಗುಡಿಸಿದವನು ಮನೆಯ ಕಸದ ಜೊತೆ ಆಭರಣವನ್ನೂ ಎಸೆದಂತೆ.

ಹಾಗಾದರೆ ಕಸ ಯಾವುದು? ಮ್ಯಾಕ್ ಕಂಪ್ಯೂಟರಿನಲ್ಲಿ ಬಳಸಿದ ಪೆನ್‌ಡ್ರೈವನ್ನು ನಮ್ಮಲ್ಲಿ ತೆರೆದರೆ ಎರಡು ಬಗೆಯ ಫೈಲುಗಳು ಸಿಗುತ್ತವೆ. '.ಡಿಎಸ್_ಸ್ಟೋರ್' ಎಂಬುದು ಆ ಫೋಲ್ಡರಿನ ಚಿಹ್ನೆಗಳು ಎಲ್ಲೆಲ್ಲಿ ಹೇಗೆ ಕಾಣಬೇಕೆಂಬ ಟಿಪ್ಪಣಿ. ಚುಕ್ಕೆ ಮತ್ತು ಅಂಡರ್‌ಸ್ಕೋರ್‌ನಿಂದ ಆರಂಭವಾಗುವವು ಮೂಲ ಫೈಲಿಗೆ ಮ್ಯಾಕ್ ಸೇರಿಸಿದ ಹೆಚ್ಚುವರಿ ವಿವರ. ವಿಂಡೋಸಿನಲ್ಲಿ ಒಂದೇ ಫೋಟೋ ಎರಡು ಸಲ ಕಂಡು, ಎರಡನೆಯದು ತೆರೆಯದೇ ಇರುವುದಕ್ಕೆ ಇದೇ ಕಾರಣ. ಫೋಟೋ ಮತ್ತು ಸ್ಕ್ಯಾನ್‌ಗಳ ನಡುವೆ ಇವು ಇದ್ದರೆ ಅಳಿಸಬಹುದು, ಚಿತ್ರಕ್ಕೆ ತೊಂದರೆಯಿಲ್ಲ. ಆದರೆ ಮುದ್ರಣದವರ ಹಳೆಯ ಮ್ಯಾಕ್ ಫಾಂಟುಗಳಲ್ಲಿ ಫಾಂಟಿನ ಜೀವವೇ ಈ ಜೊತೆ ಫೈಲಿನಲ್ಲಿರಬಹುದು. ಹೆಸರು ಒಂದೇ ಆದರೂ ಒಂದು ಕಡೆ ಕಸವಾದದ್ದು ಇನ್ನೊಂದು ಕಡೆ ಸೊತ್ತು.

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗಳ ಹೊಣೆ ನನ್ನ ಮೇಲಿತ್ತು. ಮಕ್ಕಳ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಫೋಟೋ ಎಲ್ಲವೂ ಸ್ಕ್ಯಾನ್ ಆಗಿ ಒಂದು ಫೋಲ್ಡರಿನಲ್ಲಿದ್ದವು. ಪೆನ್‌ಡ್ರೈವಿನಿಂದ ಕಾಪಿ ಮಾಡಿಕೊಂಡು, ಪೆನ್‌ಡ್ರೈವನ್ನು ಬೇರೆ ಕೆಲಸಕ್ಕೆ ಖಾಲಿ ಮಾಡಿದ್ದೆ. ಬೇಡದ ಫೈಲುಗಳನ್ನು ತೆಗೆಯಲು ಅವಸರದಲ್ಲಿ ಹೀಗೆ ಬರೆದೆ:

ಫೈಂಡ್ . -ಡಿಲೀಟ್ -ನೇಮ್ '._*'

ಒಂದೇ ಗಳಿಗೆಯಲ್ಲಿ ಫೋಲ್ಡರ್ ಬರಿದಾಯಿತು. 'ಫೈಂಡ್' ನಾವು ಬರೆದದ್ದನ್ನು ಎಡದಿಂದ ಬಲಕ್ಕೆ ಪಾಲಿಸುತ್ತದೆ. ಹೆಸರು ನೋಡುವ ಮೊದಲೇ ಅಳಿಸು ಎಂದು ಹೇಳಿದ್ದೆ, ಅದು ಹೇಳಿದಂತೆ ಮಾಡಿತು. ಕಮಾಂಡ್ ಲೈನಿನಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.

ಮನೆಮನೆಗೆ ಹೋಗಿ ದಾಖಲೆಗಳನ್ನು ಮತ್ತೆ ಕೇಳಿದೆ. ಕೂಲಿ ಬಿಟ್ಟು ಕಾಗದ ತಂದುಕೊಟ್ಟ ತಂದೆಯರು ಒಂದು ಮಾತೂ ಬೈಯಲಿಲ್ಲ. ಊರಲ್ಲಿರದ ಒಬ್ಬ ಹುಡುಗಿಯ ಅರ್ಜಿ ಮಾತ್ರ ಕೊನೆಯ ದಿನಾಂಕಕ್ಕೆ ಸೇರಲಿಲ್ಲ. ಅವಳ ಆ ವರ್ಷದ ಶುಲ್ಕವನ್ನು ನಾನೇ ಕಟ್ಟಿದೆ. ಹಣ ಕಟ್ಟುವುದು ಸುಲಭವಾಗಿತ್ತು, ಅವಳ ಮುಂದೆ ನಿಂತು ಕ್ಷಮೆ ಕೇಳುವುದು ಸುಲಭವಾಗಿರಲಿಲ್ಲ.

ಅಂದಿನಿಂದ ನಾನು ಬಿಡದೆ ಪಾಲಿಸುವ ಕ್ರಮ ಇದು. ಕಮಾಂಡುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕೆಂದು ನಿಮಗೆ ಗೊತ್ತೇ ಇದೆ.

ಒಂದು, ಇನ್ನೊಂದು ಕಡೆ ಪ್ರತಿ ಇದೆಯೇ ಎಂದು ನೋಡಿ. ಎರಡು, 'ಪಿಡಬ್ಲ್ಯುಡಿ' ಎಂದು ಬರೆದು ಯಾವ ಫೋಲ್ಡರಿನಲ್ಲಿ ನಿಂತಿದ್ದೀರಿ ಎಂದು ತಿಳಿಯಿರಿ. ಮೂರು, ಅಳಿಸದೆ ಬರೀ ಹುಡುಕಿ:

ಫೈಂಡ್ . -ಟೈಪ್ ಎಫ್ -ನೇಮ್ '._*' -ಪ್ರಿಂಟ್

ಚುಕ್ಕೆ ಎಂದರೆ ಇಲ್ಲಿಂದ ಕೆಳಗೆ. 'ಟೈಪ್ ಎಫ್' ಎಂದರೆ ಫೈಲ್ ಮಾತ್ರ, ಫೋಲ್ಡರ್ ಬೇಡ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಇರಲೇಬೇಕು. ಇಲ್ಲದಿದ್ದರೆ 'ಫೈಂಡ್' ನೋಡುವ ಮೊದಲೇ ಶೆಲ್ ಆ ನಕ್ಷತ್ರವನ್ನು ತಾನೇ ಬಿಡಿಸಿಬಿಡುತ್ತದೆ.

ನಾಲ್ಕು, ಬಂದ ಪಟ್ಟಿಯನ್ನು ಓದಿ. ನಲವತ್ತು ಫೋಟೋಗಳಿರುವ ಕಡೆ ನಾಲ್ಕು ಸಾವಿರ ಹೆಸರು ಬಂದರೆ ಕೈ ತೆಗೆಯಿರಿ. ಐದು, ಪಟ್ಟಿ ಸರಿಯಿದ್ದರೆ ಮೇಲಿನ ಬಾಣದ ಕೀ ಒತ್ತಿ ಅದೇ ಸಾಲನ್ನು ಕರೆಯಿರಿ, ಕೊನೆಯ 'ಪ್ರಿಂಟ್' ತೆಗೆದು ಅದೇ ಜಾಗದಲ್ಲಿ 'ಡಿಲೀಟ್' ಬರೆಯಿರಿ. ಹೊಸದಾಗಿ ಟೈಪ್ ಮಾಡಬೇಡಿ, ತಪ್ಪು ನುಸುಳುವುದು ಅಲ್ಲೇ. ಇನ್ನೂ ಅಳುಕಿದ್ದರೆ ಕೊನೆಯಲ್ಲಿ '-ಓಕೆ ಆರ್‌ಎಂ {} \;' ಎಂದು ಬರೆಯಿರಿ. ಅದು ಒಂದೊಂದು ಫೈಲಿಗೂ ನಿಮ್ಮ ಒಪ್ಪಿಗೆ ಕೇಳುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ನಾಳೆ ನೀವು ಕಚೇರಿ, ಆಸ್ಪತ್ರೆ, ಶಾಲೆಗಳ ಕಂಪ್ಯೂಟರುಗಳ ಮುಂದೆ ಕೂರುತ್ತೀರಿ. ಅಲ್ಲಿರುವ ಪ್ರತಿ ಫೈಲೂ ಯಾರೋ ನಂಬಿ ಕೊಟ್ಟ ಅಮಾನತ್. ಅದರ ಹಿಂದೆ ಒಬ್ಬ ತಂದೆಯ ಒಂದು ದಿನದ ಕೂಲಿ, ಒಬ್ಬ ಹುಡುಗಿಯ ಒಂದು ವರ್ಷದ ಓದು ಇರಬಹುದು. ಮೊದಲು ನೋಡಿ, ಆಮೇಲೆ ಅಳಿಸಿ. ಅಮಾನತನ್ನು ಕಾಪಾಡುವ ಎಚ್ಚರವನ್ನು ಅಲ್ಲಾಹನು ನಮಗೆಲ್ಲರಿಗೂ ಕೊಡಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತು ಮುಗಿಸುತ್ತೇನೆ.

ಅಸ್ಸಲಾಮು ಅಲೈಕುಂ.