ಹೇರಿದ ಗುರುತು, ಧರಿಸಿದ ಲಾಂಛನ



ವೃತ್ತದ ಮೇಲ್ತುದಿಗೊಂದು ಬಾಣವನ್ನಿಟ್ಟರೆ ಗಂಡು, ಅದರ ಅಡಿಯಲ್ಲಿ ಶಿಲುಬೆಯಂಥ ಗೆರೆಯನ್ನೆಳೆದರೆ ಹೆಣ್ಣು ಎಂದು ನಾವೆಲ್ಲರೂ ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಈ ಚಿಹ್ನೆಗಳಾದರೋ ಗಂಡು ಹೆಣ್ಣುಗಳಿಗಾಗಿ ಹುಟ್ಟಿದವಲ್ಲ. ಯೂರೋಪಿನ ಜ್ಯೋತಿಷಿಗಳಿಗೆ ಅವು ಮಂಗಳ ಮತ್ತು ಶುಕ್ರ, ರಸವಾದಿಗಳಿಗೆ ಕಬ್ಬಿಣ ಮತ್ತು ತಾಮ್ರ. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಲಿನೇಯಸ್ ಹದಿನೆಂಟನೆಯ ಶತಮಾನದ ನಡುವೆ ಅವನ್ನು ಗಿಡಮರಗಳ ವಿವರಣೆಗೆಂದು ಎರವಲು ತಂದು, ಉಭಯಲಿಂಗಿಗಳಾದ ಸಸ್ಯಗಳಿಗೆ ಬುಧಗ್ರಹದ ಚಿಹ್ನೆಯನ್ನು ಕೊಟ್ಟ. ಸಸ್ಯಲೋಕದಲ್ಲಿ ಮೂರನೆಯದಕ್ಕೆ ಇಷ್ಟು ಸಲೀಸಾಗಿ ದೊರೆತ ಸ್ಥಾನವು ಮನುಷ್ಯಲೋಕದಲ್ಲಿ ದೊರೆಯುವುದಕ್ಕೆ ಎರಡು ಶತಮಾನಗಳಿಗೂ ಮಿಕ್ಕಿ ಕಾಯಬೇಕಾಯಿತು. ಬಾಣ, ಶಿಲುಬೆಗಳ ಜೊತೆಗೆ ಅವೆರಡೂ ಬೆರೆತ ಮೂರನೆಯ ತೋಳೊಂದನ್ನು ಒಂದೇ ವೃತ್ತಕ್ಕೆ ಜೋಡಿಸಿ, ಇದು ಲಿಂಗಾಂತರಿಗಳಾದ ನಮ್ಮ ಗುರುತು ಎಂದು ಅಮೆರಿಕೆಯ ಹಾಲಿ ಬಾಸ್ವೆಲ್ ಎಂಬಾಕೆ ರೂಪಿಸಿಕೊಟ್ಟುದು 1993ರಲ್ಲಿ.

ತಾವಾಗಿ ಗುರುತನ್ನು ಮಾಡಿಕೊಳ್ಳುವುದಕ್ಕೆ ಮುನ್ನ ಈ ಜನರು ಅನ್ಯರು ಹೇರಿದ ಗುರುತುಗಳನ್ನು ಬಹುಕಾಲ ಹೊತ್ತಿದ್ದರು. ಬರ್ಲಿನ್ ನಗರದಲ್ಲಿ ಮಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯನು 1919ರಲ್ಲಿ ಸ್ಥಾಪಿಸಿದ್ದ ಲೈಂಗಿಕ ವಿಜ್ಞಾನದ ಸಂಸ್ಥೆಯು, ಹುಟ್ಟಿನ ಲಿಂಗಕ್ಕೂ ಒಳಗಿನ ಅರಿವಿಗೂ ಹೊಂದದೆ ತೊಳಲುತ್ತಿದ್ದವರಿಗೆ ಚಿಕಿತ್ಸೆಯನ್ನೂ ಆಶ್ರಯವನ್ನೂ ಕೊಡುತ್ತಿದ್ದಿತು; 1933ರ ಮೇ 6ರಂದು ನಾಜಿ ಪಕ್ಷದ ವಿದ್ಯಾರ್ಥಿಗಳು ಅದನ್ನು ಸೂರೆಗೈದರು, ನಾಲ್ಕು ದಿನಗಳ ಅನಂತರ ಅಲ್ಲಿಯ ಪುಸ್ತಕಗಳು ನಗರದ ಚೌಕದಲ್ಲಿ ಉರಿದುವು. ಮುಂದೆ ಬಂದೀಶಿಬಿರಗಳಲ್ಲಿ ಸಲಿಂಗಕಾಮದ ಆರೋಪ ಹೊತ್ತ ಗಂಡಸರ ಅಂಗಿಗೆ ಗುಲಾಬಿ ಬಣ್ಣದ ತ್ರಿಕೋನವನ್ನು ಹೊಲಿಯಲಾಯಿತು; ಸ್ತ್ರೀಯಾಗಿ ಬಾಳಲೆಳಸಿದರೂ ಸರಕಾರದ ಕಣ್ಣಿಗೆ ಗಂಡಸರಾಗಿಯೇ ಉಳಿದವರಲ್ಲಿಯೂ ಕೆಲವರಿಗೆ ಅದೇ ತ್ರಿಕೋನ ಬಂದಿತು.

ಜರ್ಮನಿಯನ್ನು ಮಾತ್ರ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಆಂಗ್ಲರು 1871ರಲ್ಲಿ ಹೊರಡಿಸಿದ ಅಪರಾಧಿ ಬುಡಕಟ್ಟುಗಳ ಶಾಸನದ ಎರಡನೆಯ ಭಾಗವು ಉತ್ತರ ಭಾರತದ ಹಿಜ್ರಾಗಳ ಹೆಸರುಗಳನ್ನು ದಾಖಲೆಪುಸ್ತಕದಲ್ಲಿ ಬರೆದಿಡಲು ವಿಧಿಸಿತು. ಹಾಗೆ ದಾಖಲಾದವರು ಹೆಣ್ಣಿನ ಉಡುಗೆ ತೊಡುಗೆಯಲ್ಲಿ ಬೀದಿಗಿಳಿದರೆ ವಾರಂಟಿಲ್ಲದೆ ಹಿಡಿಯಬಹುದಾಗಿತ್ತು, ಎರಡು ವರ್ಷಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಕೈಬಳೆಯೇ ಅಪರಾಧದ ಸಾಕ್ಷ್ಯವಾಯಿತು. ಆ ಶಾಸನ ಹೋಯಿತಲ್ಲ ಎಂದು ನಿಟ್ಟುಸಿರು ಬಿಡುವವರಿಗೆ ನೆನಪಿಸತಕ್ಕುದೊಂದುಂಟು: 2011ರಲ್ಲಿ, ಸ್ವತಂತ್ರ ಭಾರತದ ನಮ್ಮ ಕರ್ನಾಟಕದಲ್ಲಿಯೇ, ಪೊಲೀಸ್ ಕಾಯಿದೆಗೆ 36ಎ ಎಂಬ ಕಲಮನ್ನು ಸೇರಿಸಿ ಇವರ ಹೆಸರುಗಳ ದಾಖಲೆಯಿಡುವ ಅಧಿಕಾರವನ್ನು ಕೊಡಲಾಗಿತ್ತು. ಸಮುದಾಯದವರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ಅದಕ್ಕೆ ತಿದ್ದುಪಡಿಯಾಯಿತು.

ಇನ್ನು ಬಾವುಟದ ವಿಚಾರ. ಗಿಲ್ಬರ್ಟ್ ಬೇಕರನು 1978ರಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿ ಹಾರಿಸಿದ ಕಾಮನಬಿಲ್ಲಿನ ಧ್ವಜ ಜಗದ್ವಿಖ್ಯಾತವಾದುದು. ಅದರ ನೆರಳಿನಲ್ಲಿ ಎಲ್ಲರಿಗೂ ಎಡೆಯಿತ್ತೆಂಬುದು ನಿಜವಾದರೂ, ಎಲ್ಲರ ಹೆಸರಿನಲ್ಲಿ ನಡೆಯುವ ಮೆರವಣಿಗೆಯಲ್ಲಿ ಹಿಂದಿನ ಸಾಲಿನವರ ಮುಖ ಕಾಣುವುದು ಅಪರೂಪ. ಆ ಹಿಂದಿನ ಸಾಲಿನ ಲಿಂಗಾಂತರಿಗಳಲ್ಲಿ ಒಬ್ಬಳಾದ ಮೋನಿಕಾ ಹೆಲ್ಮ್ಸ್ ಎಂಬಾಕೆ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಸೇವೆಸಲ್ಲಿಸಿದ್ದವಳು. ಪತಾಕೆಗೆ ವಂದನೆ ಸಲ್ಲಿಸುವುದೇ ದಿನಚರಿಯಾಗಿದ್ದ ಬದುಕು ಅವಳದು. ದ್ವಿಲಿಂಗಾಸಕ್ತರಿಗೆ ಅದಾಗಲೇ ಒಂದು ಬಾವುಟವನ್ನು ರಚಿಸಿದ್ದ ಮೈಕೇಲ್ ಪೇಜ್ ಎಂಬವನು, ನಿಮ್ಮವರಿಗೂ ಒಂದು ಬೇಕಲ್ಲವೇ ಎಂದು ಪ್ರೇರೇಪಿಸಲು, 1999ರಲ್ಲಿ ಅವಳು ಐದು ಪಟ್ಟಿಗಳ ಧ್ವಜವೊಂದನ್ನು ಕಲ್ಪಿಸಿದಳು: ಮೇಲೂ ಕೆಳಗೂ ತಿಳಿನೀಲಿ, ಅವುಗಳ ಒಳಬದಿಗೆ ಗುಲಾಬಿ, ನಟ್ಟನಡುವೆ ಬಿಳಿ. ನೀಲಿಯು ಗಂಡುಮಗುವಿಗೆ, ಗುಲಾಬಿಯು ಹೆಣ್ಣುಮಗುವಿಗೆ ಅಮೆರಿಕನ್ನರಲ್ಲಿ ರೂಢಿಯಾದ ಬಣ್ಣ. ಬಿಳಿಯು ಎರಡರ ನಡುವೆ ಪಯಣಿಸುತ್ತಿರುವವರಿಗೆ, ಎರಡಕ್ಕೂ ಸೇರದವರಿಗೆ, ಅಂತರಲಿಂಗಿಗಳಾಗಿ ಜನಿಸಿದವರಿಗೆ. ಇದರ ಜಾಣ್ಮೆಯಿರುವುದು ಬಣ್ಣಗಳಲ್ಲಿಗಿಂತ ಜೋಡಣೆಯಲ್ಲಿ. ಬಾವುಟವನ್ನು ತಲೆಕೆಳಗಾಗಿ ಹಾರಿಸುವುದು ನಾವಿಕರಲ್ಲಿ ಸಂಕಟದ ಸಂಕೇತ. ಈ ಬಾವುಟವನ್ನಾದರೋ ಹೇಗೆ ಕಟ್ಟಿದರೂ ತಲೆಕೆಳಗಾಗುವುದೇ ಇಲ್ಲ. ತಮ್ಮ ಬಾಳಿನಲ್ಲಿ ತಾವು ಸರಿಯಾಗಿಯೇ ಇದ್ದೇವೆಂಬುದನ್ನು ಕಂಡುಕೊಳ್ಳುವುದೇ ಇದರ ಅರ್ಥವೆಂದು ಅವಳು ವಿವರಿಸಿದ್ದಾಳೆ. 2000ದಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಮೆರವಣಿಗೆಯಲ್ಲಿ ಮೊದಲು ಕಾಣಿಸಿಕೊಂಡ ಆ ಮೂಲಪ್ರತಿ 2014ರಲ್ಲಿ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯವನ್ನು ಸೇರಿತು.

ನೀಲಿ ಗುಲಾಬಿಗಳ ಈ ಭಾಷೆ ನಮ್ಮ ತೊಟ್ಟಿಲಿಗೆ ತಿಳಿಯದು. ನಮ್ಮ ಮನೆಗಳಲ್ಲಿ ಹಸುಗೂಸಿಗೆ ಮೊದಲು ಸುತ್ತುವುದು, ಗಂಡಾಗಲಿ ಹೆಣ್ಣಾಗಲಿ, ಒಗೆದೊಗೆದು ಮೆತ್ತಗಾದ ಅಜ್ಜಿಯ ಹಳೆಯ ಸೀರೆಯ ತುಂಡನ್ನು. ಬೆಂಗಳೂರಿನ ಬೀದಿಗಳಲ್ಲಿ 2008ರಿಂದ ಇಂಥ ಮೆರವಣಿಗೆ ನಡೆಯತೊಡಗಿದ ಮೇಲೆ ಈ ಧ್ವಜವೂ ಇಲ್ಲಿಯದಾಯಿತು, ಆಗಲಿ. ಆದರೆ ಉತ್ತರ ಕರ್ನಾಟಕದ ಜೋಗತಿಯರಿಗೆ ಲಾಂಛನವೆಂಬುದು ಕೋಲಿಗೆ ಕಟ್ಟುವ ವಸ್ತುವಲ್ಲ, ಮೈಮೇಲೆ ಧರಿಸುವ ವಸ್ತು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವಾಗ ಹುಡುಗನ ಸೊಂಟದ ಉಡಿದಾರವನ್ನು ಹರಿಯುತ್ತಾರೆ. ಸೀರೆಯನ್ನುಡಿಸಿ, ಬಳೆಯನ್ನು ತೊಡಿಸಿ, ಕೆಂಪು ಬಿಳಿಯ ಮಣಿಗಳ ಸರವನ್ನು ಕೊರಳಿಗೆ ಹಾಕುತ್ತಾರೆ. ಹಣೆಗೆ ಭಂಡಾರ, ತಲೆಯ ಮೇಲೆ ದೇವಿಯ ಕೊಡ. ಮನೆಯಿಂದ ಹೊರದೂಡಲ್ಪಟ್ಟವರಿಗೆ ಅದು ಬದುಕಿಗೊಂದು ಪರವಾನಗಿಯೂ ಆಗಿತ್ತು, ಭಿಕ್ಷೆಯ ಜೋಳಿಗೆಗೆ ಕಟ್ಟಿಹಾಕುವ ಹಗ್ಗವೂ ಆಗಿತ್ತು. ಅದನ್ನು ಬರಿಯ ವೈಭವವೆಂದು ಬಣ್ಣಿಸುವವರೊಡನೆ ನನಗೆ ಸಮ್ಮತಿಯಿಲ್ಲ. ಬಳ್ಳಾರಿಯ ಸೀಮೆಯಲ್ಲಿ ಹುಟ್ಟಿ, ಈ ಮುತ್ತನ್ನು ಕಟ್ಟಿಸಿಕೊಂಡು, ಊರೂರು ಕುಣಿದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ ಮಂಜಮ್ಮ ಜೋಗತಿಯವರು 2021ರ ನವೆಂಬರಿನಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ಅವರ ಕೈಯಲ್ಲಿ ಯಾವ ಬಾವುಟವೂ ಇರಲಿಲ್ಲ.

ಈಚೆಗೆ ಇನ್ನೊಂದು ಗುರುತು ಬಂದಿದೆ. ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು, ತನ್ನ ಲಿಂಗವಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪಿತ್ತಿತು. ಲಿಂಗಾಂತರಿಗಳ ಹಕ್ಕುಗಳನ್ನು ಕುರಿತ 2019ರ ಕಾಯಿದೆಯು ಆ ಮಾತನ್ನು ಒಪ್ಪಿಯೂ, ಜಿಲ್ಲಾಧಿಕಾರಿಯ ಪ್ರಮಾಣಪತ್ರ ಮತ್ತು ಗುರುತಿನ ಚೀಟಿಯನ್ನು ವಿಧಿಸಿತು. ಪಿಂಚಣಿಗೆ, ಮನೆಗೆ, ಸಾಲಕ್ಕೆ ಈ ಚೀಟಿಯೇ ಆಧಾರವಾದುದರಿಂದ ಅದನ್ನು ಬೇಡುವವರಿದ್ದಾರೆ. ನಮ್ಮನ್ನು ನಾವೇ ಹೇಳಿಕೊಂಡ ಮೇಲೆ ಕಚೇರಿಯ ಮೊಹರೇಕೆ ಎಂದು ಕೇಳುವವರೂ ಇದ್ದಾರೆ. ಹಿಂದಿನ ದಾಖಲೆಪುಸ್ತಕಗಳ ಕಥೆಯನ್ನು ಬಲ್ಲವರಿಗೆ ಈ ಎರಡನೆಯವರ ಸಂಶಯವು ಅಕಾರಣವೆಂದು ತೋರದು.