ಗಟ್ಟಿಗರು ಯಾವಾಗ ಸಹಾಯ ಕೇಳಬೇಕು?

ಹೆಚ್ಚುಕಡಿಮೆ ಪ್ರತಿ ಕುಟುಂಬದಲ್ಲೂ ಎಲ್ಲವನ್ನೂ ತಾವೇ ನಿಭಾಯಿಸುವ ಒಬ್ಬರಿರುತ್ತಾರೆ. ಅಪ್ಪ ತೀರಿಕೊಂಡ ದಿನ ಎಲ್ಲರೂ ಅಳುತ್ತಿದ್ದರೆ ಪುರೋಹಿತರಿಗೆ ಫೋನು ಮಾಡಿ ಸಾಮಾನಿನ ಪಟ್ಟಿ ಬರೆದವರು, ತಮ್ಮನ ಸಾಲಕ್ಕೆ ಜಾಮೀನು ನಿಂತು ತಾವೇ ತೀರಿಸಿದವರು, ಗಂಡನ ಕುಡಿತ ತವರಿಗೆ ಗೊತ್ತಾಗದಂತೆ ಸಂಸಾರ ತೂಗಿಸಿದವರು. "ಹೇಗಿದ್ದೀರಿ" ಎಂದರೆ "ಏನೋ, ನಡೀತಾ ಇದೆ" ಎನ್ನುವುದಕ್ಕಿಂತ ಹೆಚ್ಚು ಮಾತು ಅವರಿಂದ ಬರುವುದಿಲ್ಲ. ನೆಂಟರಿಷ್ಟರು ಅವರನ್ನು ಗಟ್ಟಿಗರು ಎನ್ನುತ್ತಾರೆ. ಆ ಮೆಚ್ಚುಗೆ ಹುಸಿಯಲ್ಲ. ಇಂಥವರು ಇಲ್ಲದಿದ್ದರೆ ಎಷ್ಟೋ ಮನೆಗಳು ನಿಲ್ಲುತ್ತಿರಲಿಲ್ಲ. ಹಾಗಾಗಿ ಒಬ್ಬರೇ ನಿಭಾಯಿಸುವುದು ತಪ್ಪು ಎಂದು ಉಪದೇಶ ಮಾಡಲು ನಾನು ಹೊರಟಿಲ್ಲ. ನಾನು ಕೇಳುವುದು ಇಷ್ಟೇ: ಹೀಗೆ ನಿಭಾಯಿಸುತ್ತ ಬಂದವರಿಗೆ, ಇನ್ನು ತಮ್ಮಿಂದ ಆಗದು ಎನ್ನುವುದು ಗೊತ್ತಾಗುವುದು ಹೇಗೆ? ಒಳಗಿನಿಂದ ಅದು ಗೊತ್ತಾಗುವುದು ಬಹಳ ಕಷ್ಟ. ತೀರಾ ಅಗತ್ಯ ಬಿದ್ದಾಗ ಕೇಳೋಣ ಎಂದುಕೊಂಡವರಿಗೆ ಆ ಅಗತ್ಯ ಬಿದ್ದದ್ದೇ ಕಾಣುವುದಿಲ್ಲ. ಆದ್ದರಿಂದ ಅವರಿಗೆ ಹೊರಗಿನದೊಂದು ಅಳತೆಗೋಲು ಬೇಕು.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತದೆ ಗಾದೆ. ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಇಗೊರ್ ಗ್ರಾಸ್‌ಮನ್ ಮತ್ತು ಈಥನ್ ಕ್ರಾಸ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆಲವರಿಗೆ ತಮ್ಮ ಸಂಗಾತಿಯೇ ತಮಗೆ ದ್ರೋಹ ಮಾಡಿದಂತೆ, ಇನ್ನು ಕೆಲವರಿಗೆ ಸ್ನೇಹಿತರೊಬ್ಬರಿಗೆ ಹಾಗಾದಂತೆ ಊಹಿಸಿಕೊಳ್ಳಲು ಹೇಳಲಾಯಿತು. ಸ್ನೇಹಿತರ ವಿಚಾರ ಯೋಚಿಸಿದವರು ಎರಡೂ ಕಡೆ ನೋಡಿದರು, ತಮಗೆ ಗೊತ್ತಿಲ್ಲದ ಸಂಗತಿಗಳು ಇರಬಹುದು ಎಂದರು, ರಾಜಿಯ ದಾರಿ ಹುಡುಕಿದರು. ತಮ್ಮದೇ ಪಾಡು ಎಂದುಕೊಂಡವರಲ್ಲಿ ಈ ವಿವೇಕ ಕಡಿಮೆಯಾಗಿತ್ತು. ಅದೇ ಸಮಸ್ಯೆಯನ್ನು ಹೊರಗೆ ನಿಂತವರಂತೆ ನೋಡಲು ಹೇಳಿದಾಗ ಈ ಅಂತರ ಅಳಿಸಿಹೋಯಿತು. ಅಂದರೆ ವಿವೇಕ ಅವರಲ್ಲಿ ಇತ್ತು, ಸ್ವಂತ ನೋವಿನ ಹತ್ತಿರ ಬಂದಾಗ ಕೆಲಸಕ್ಕೆ ಬರುತ್ತಿರಲಿಲ್ಲ. ಇಡೀ ಬಳಗಕ್ಕೆ ಬುದ್ಧಿ ಹೇಳುವ ಹಿರಿಯಕ್ಕ ತನ್ನ ವಿಷಯದಲ್ಲಿ ಯಾಕೆ ತಡವರಿಸುತ್ತಾಳೆ ಎನ್ನುವುದಕ್ಕೆ ಇಲ್ಲೊಂದು ಉತ್ತರವಿದೆ. ಇನ್ನೊಂದು ಉತ್ತರ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಮಾಡಿದ ಪ್ರಯೋಗದಲ್ಲಿದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಹೇಳಿದಾಗ ಗಂಟೆ ಮತ್ತೆ ಮತ್ತೆ ಬಾರಿಸಿತು. ಬಳಿಕ ಯೋಚಿಸಬಹುದು ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟವರಿಗಿಂತ ಅದುಮಿಟ್ಟವರನ್ನೇ ಆ ಕರಡಿ ಹೆಚ್ಚು ಕಾಡಿತು. ಹಗಲೆಲ್ಲ ಕೆಲಸದಲ್ಲಿ ಮುಳುಗಿ ಮರೆತಂತಿದ್ದು, ರಾತ್ರಿ ಮೂರು ಗಂಟೆಗೆ ಎಚ್ಚರವಾಗುವವರಿಗೆ ಈ ಅನುಭವ ಹೊಸದಲ್ಲ.

ಹೀಗೆ ಸುಮ್ಮನಿರುವವರು ಎಷ್ಟು ಮಂದಿ? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇವರೆಲ್ಲ ಹಟ ಹಿಡಿದು ಒಬ್ಬರೇ ಹೆಣಗಿದವರು ಎನ್ನಲಾಗದು. ವೈದ್ಯರು ದೂರ, ಬಸ್ಸಿಗೆ ದುಡ್ಡಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ ಎನ್ನುವ ಕಾರಣಗಳೂ ಇವೆ. ಆದರೆ ಮನೆಯ ಮಾತು ಬೀದಿಗೆ ಬರಬಾರದು, ಜನ ಏನಂದಾರು ಎನ್ನುವ ಅಳುಕೂ ಅದರಲ್ಲಿ ಸೇರಿದೆ.

ಮಾತಾಡಿದರೆ ಏನಾಗುತ್ತದೆ ಎನ್ನುವವರಿಗೆ ನಮ್ಮ ಪಕ್ಕದ ಗೋವೆಯಲ್ಲೇ ಪುರಾವೆಯಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದವರಲ್ಲಿ ತೀವ್ರ ಖಿನ್ನತೆಯಿದ್ದ 495 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೇಂದ್ರದ ವೈದ್ಯರ ಆರೈಕೆ ಮಾತ್ರ; ಇನ್ನೊಂದಕ್ಕೆ ಅದರ ಜೊತೆಗೆ ಆರರಿಂದ ಎಂಟು ಸಲ ಆಪ್ತಸಮಾಲೋಚನೆ. ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಅವರು ಮಾಡಿದ ಕೆಲಸದಲ್ಲಿ ಮಾಯಮಂತ್ರವೇನೂ ಇರಲಿಲ್ಲ. ದಿನದಲ್ಲಿ ಏನೇನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು, ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವುದು ಏನು ಎಂದು ಕೇಳುವುದು. ಬಿಟ್ಟದ್ದರಲ್ಲಿ ಸಣ್ಣದೊಂದನ್ನು, ಸಂಜೆಯ ನಡಿಗೆಯನ್ನೋ ನೆರೆಯವರೊಡನೆ ನಾಲ್ಕು ಮಾತನ್ನೋ, ಮುಂದಿನ ವಾರದ ಒಳಗೆ ಮತ್ತೆ ಶುರುಮಾಡಿಸುವುದು. ಮುಂದಿನ ಭೇಟಿಯಲ್ಲಿ ಏನಾಯಿತು ಎಂದು ವಿಚಾರಿಸುವುದು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, ಮೂರು ತಿಂಗಳ ಹೊತ್ತಿಗೆ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ 39 ಜನ.

ಈ ಅಂಕಿಗಳನ್ನು ಪ್ರಾಮಾಣಿಕವಾಗಿ ಓದಬೇಕು. ಕಾಲವೇ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ಆ 39 ಜನರನ್ನು ತೋರಿಸಬಹುದು. ಸಮಾಲೋಚನೆಯಿಲ್ಲದೆಯೂ ಅವರು ಮೇಲೆದ್ದರು ಎನ್ನುವುದು ನಿಜ. ಸಮಾಲೋಚನೆ ಪಡೆದೂ ಚೇತರಿಸದ 36 ಜನರೂ ಇದ್ದಾರೆ. ಅಂಥವರಿಗೆ ಔಷಧವೋ ಬೇರೆ ಬಗೆಯ ನೆರವೋ ಬೇಕಾದೀತು. ಆದರೆ ನಡುವಿನ 25 ಜನರ ಲೆಕ್ಕ ಸಣ್ಣದಲ್ಲ. ತಾನು ಆ 39ರಲ್ಲಿ ಒಬ್ಬನೋ ಅಲ್ಲವೋ ಎನ್ನುವುದು ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ಗಟ್ಟಿಗರು ತಮ್ಮನ್ನು ಆ ಪಟ್ಟಿಗೆ ತಾವೇ ಸೇರಿಸಿಕೊಂಡುಬಿಡುತ್ತಾರೆ.

ಗೆಳೆಯರಿದ್ದಾರೆ, ಅಕ್ಕತಂಗಿಯರಿದ್ದಾರೆ, ಗುರುತಿಲ್ಲದವರ ಮುಂದೆ ಯಾಕೆ ಎನ್ನುವ ಆಕ್ಷೇಪವೂ ಉಂಟು. ಇರುವವರೊಡನೆ ಹೇಳಿಕೊಳ್ಳುವಂತಿದ್ದರೆ ಮೊದಲು ಅದನ್ನೇ ಮಾಡಬೇಕು. ಆದರೆ ಆಪ್ತರಿಗೆ ನಮ್ಮ ಬದುಕಿನಲ್ಲಿ ಪಾಲಿದೆ. ತಂಗಿಗೆ ಹೇಳಿದರೆ ಅವಳು ನಿದ್ದೆಗೆಡುತ್ತಾಳೆ, ಅಣ್ಣನಿಗೆ ಹೇಳಿದರೆ ಭಾವನ ಜೊತೆ ಜಗಳಕ್ಕೆ ಹೋಗುತ್ತಾನೆ. ಇದನ್ನು ಬಲ್ಲದ್ದರಿಂದಲೇ ಗಟ್ಟಿಗರು ಬಾಯಿ ಬಿಡುವುದಿಲ್ಲ. ಸಮಾಲೋಚಕರಿಗೆ ಆ ಪಾಲಿಲ್ಲ, ಹಾಗಾಗಿ ಅವರೆದುರು ಯಾರನ್ನೂ ಸಂತೈಸುತ್ತ ಮಾತಾಡಬೇಕಾಗಿಲ್ಲ. ಗುಟ್ಟಿನ ಭಯಕ್ಕೂ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆ ಪಡೆಯುವವರ ವಿವರ ಗೋಪ್ಯವಾಗಿರಬೇಕು ಎನ್ನುವುದನ್ನು ಹಕ್ಕನ್ನಾಗಿ ಮಾಡಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಅದಕ್ಕೆ ಹೊರತು.

ಇದೆಲ್ಲ ಪಟ್ಟಣದವರ, ಪರದೇಶದವರ ಪದ್ಧತಿ ಎನ್ನುವವರು ಕೋಟದ ಕಡೆ ನೋಡಬೇಕು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಆ ಊರನ್ನು ಮನೋವೈದ್ಯರಾದ ಆರ್. ಎಲ್. ಕಪೂರ್ ಮತ್ತು ಮಾರಿಸ್ ಕಾರ್ಸ್ಟೇರ್ಸ್ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಮನಸ್ಸಿಗೆ ಕಷ್ಟ ಬಂದಾಗ ಅಲ್ಲಿನ ಜನ ನಾಟಿವೈದ್ಯರಲ್ಲಿಗೆ, ಮಂತ್ರವಾದಿಗಳಲ್ಲಿಗೆ, ದೈವದ ಪಾತ್ರಿಗಳಲ್ಲಿಗೆ, ಡಾಕ್ಟರಲ್ಲಿಗೂ ಹೋಗುತ್ತಿದ್ದರು. ಇನ್ನೊಬ್ಬರೆದುರು ಕೂತು ಹೇಳಿಕೊಳ್ಳುವುದು ನಮ್ಮಲ್ಲಿ ಹೊಸತೇನಲ್ಲ. ನಮ್ಮ ಕಷ್ಟ ಸಾಲದ್ದು, ಮಳೆಯದ್ದು, ಮಾತಿನಿಂದ ಅದು ತೀರುತ್ತದೆಯೇ ಎನ್ನುವ ರೈತರ ಪ್ರಶ್ನೆ ಆ ಆಕ್ಷೇಪಕ್ಕಿಂತ ಗಟ್ಟಿಯಾದದ್ದು. ತೀರುವುದಿಲ್ಲ. ಸಾಲ ತೀರಲು ಬೆಳೆಗೆ ಬೆಲೆ ಬೇಕು, ವಿಮೆ ಬೇಕು, ಬ್ಯಾಂಕಿನ ಗಡುವು ಬೇಕು. ಅವನ್ನು ಕೊಡಬೇಕಾದವರು ಕೌನ್ಸೆಲಿಂಗ್ ತೋರಿಸಿ ಜಾರಿಕೊಳ್ಳಬಾರದು. ಆದರೆ ಬ್ಯಾಂಕಿಗೆ ಹೋಗಿ ಮಾತಾಡಲು, ಅರ್ಜಿ ತುಂಬಲು, ಹೊಲ ಮಾರಬೇಕೋ ಬೇಡವೋ ಎಂದು ತೂಗಿ ನೋಡಲು ನಿದ್ದೆ ಮಾಡಿದ ತಲೆ ಬೇಕು. ಸಮಾಲೋಚನೆಯಿಂದ ಸಿಗುವುದು ಅಷ್ಟು.

ಬೋರ್ಡು ಹಾಕಿಕೊಂಡವರೆಲ್ಲ ಬಲ್ಲವರಲ್ಲ ಎನ್ನುವ ಎಚ್ಚರಿಕೆಯನ್ನು ಮಾತ್ರ ಪೂರ್ತಿ ಒಪ್ಪಬೇಕು. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಬಹುದು. ಮೂರ್ನಾಲ್ಕು ಭೇಟಿಯ ಬಳಿಕವೂ ಹೊಂದದಿದ್ದರೆ ಬೇರೆಯವರಲ್ಲಿಗೆ ಹೋಗಬಹುದು. ಹೀಗೆ ಆರಿಸುವುದು, ಪ್ರಶ್ನಿಸುವುದು, ಬಿಡುವುದು ಎಲ್ಲವೂ ಹೋದವರ ಕೈಯಲ್ಲೇ ಇರುತ್ತದೆ. ಜವಾಬ್ದಾರಿ ಬಿಟ್ಟುಕೊಟ್ಟಂತಾಗುತ್ತದೆ ಎಂದು ಹಿಂಜರಿಯುವವರು ಇದನ್ನು ಗಮನಿಸಬೇಕು.

ಇನ್ನು ಆ ಅಳತೆಗೋಲಿನ ಮಾತು. ನನಗೆ ಕಷ್ಟವಾಗುತ್ತಿದೆಯೇ ಎಂದು ಗಟ್ಟಿಗರು ತಮ್ಮನ್ನು ಕೇಳಿಕೊಂಡರೆ ಬರುವ ಉತ್ತರ ಯಾವಾಗಲೂ ಇಲ್ಲ ಎಂದೇ. ಅದರ ಬದಲು ಲೆಕ್ಕಕ್ಕೆ ಸಿಗುವುದನ್ನು ನೋಡಿ. ನಿದ್ದೆ, ಹಸಿವು, ಸಿಟ್ಟು, ಕೆಲಸದಲ್ಲಿ ಗಮನ, ಮೊದಲು ಖುಷಿ ಕೊಡುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ, ಇವುಗಳಲ್ಲಿ ಕೆಲವು ಎರಡು ವಾರ ಬಿಡದೆ ಕೆಟ್ಟಿದ್ದರೆ ಹೇಳಿಕೊಳ್ಳುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಖಿನ್ನತೆ ಗುರುತಿಸುವಾಗ ವೈದ್ಯರು ಲೆಕ್ಕ ಹಿಡಿಯುವುದೂ ಎರಡು ವಾರವನ್ನೇ. ಬದುಕುವುದೇ ಬೇಡ ಎನಿಸಿದರೆ ಎರಡು ವಾರವೂ ಕಾಯಬಾರದು, ಅದೇ ಗಳಿಗೆಯಲ್ಲಿ ಕೇಳಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲೂ ಮಾನಸಿಕ ಆರೋಗ್ಯ ವಿಭಾಗಗಳಿವೆ. ಎಲ್ಲರ ಲೆಕ್ಕವನ್ನೂ ತಪ್ಪದೆ ಇಟ್ಟುಕೊಂಡು ಬಂದವರು ನೀವು. ಇನ್ನು ಮುಂದೆ ಆ ಪುಸ್ತಕದಲ್ಲಿ ನಿಮ್ಮ ಹೆಸರಿಗೂ ಒಂದು ಪುಟ ತೆಗೆಯಿರಿ.