ಗ್ರಾಮ ಮಟ್ಟದಲ್ಲಿ ಸುರಕ್ಷಿತ ಅಡುಗೆ ಹಾಗೂ ಆಹಾರ ಸಂರಕ್ಷಣೆಯ ತರಗತಿಗಳು
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಆಹಾರ ಬೇಸಿಗೆಯಲ್ಲಿಯೇ ಸಿದ್ಧವಾಗುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಪ್ಪೆಮಿಡಿ ಉಪ್ಪಿನಕಾಯಿ ಇವೆಲ್ಲವೂ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಹೀಗಿರುವಾಗ ಇದಕ್ಕಾಗಿ ಪಂಚಾಯತಿಯು ತರಗತಿ ನಡೆಸಬೇಕೇ ಎಂಬ ಪ್ರಶ್ನೆ ಸಹಜವಾದದ್ದು.

ಹಿರಿಯರು ಮಿಡಿಗೆ ಧಾರಾಳವಾಗಿ ಕಲ್ಲುಪ್ಪು ಹಾಕುತ್ತಿದ್ದುದಕ್ಕೆ ರುಚಿಯೊಂದೇ ಕಾರಣವಲ್ಲ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಗೆಳೆದು ಸೂಕ್ಷ್ಮಾಣುಗಳು ಬೆಳೆಯದಂತೆ ತಡೆಯುತ್ತದೆ. ಮಿಡಿಯ ಹುಳಿ ಅದಕ್ಕೆ ನೆರವಾಗುತ್ತದೆ. ರಕ್ತದೊತ್ತಡದ ಭಯದಿಂದ ಭರಣಿಯ ಉಪ್ಪನ್ನೇ ಕಡಿಮೆ ಮಾಡಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಬೂಷ್ಟನ್ನು ಮೇಲಿಂದ ತೆಗೆದು ಉಳಿದುದನ್ನು ಬಡಿಸುವುದು ಸುರಕ್ಷಿತವಲ್ಲ. ಭರಣಿಗೆ ಬೇಕಾದಷ್ಟು ಉಪ್ಪು ಹಾಕಿ, ಊಟದೆಲೆಯಲ್ಲಿ ಉಪ್ಪಿನಕಾಯಿಯನ್ನು ಕಡಿಮೆ ಮಾಡುವುದೇ ಸರಿಯಾದ ದಾರಿ.

ಹೆಚ್ಚಿದ ಕಳಲೆಯನ್ನು ನಿತ್ಯವೂ ನೀರು ಬದಲಿಸಿ ಮೂರು ದಿನ ನೆನೆಸುವ ರೂಢಿಯೂ ಹೀಗೆಯೇ. ಹಸಿ ಕಳಲೆಯಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ. ನೆನೆಸಿದ ನೀರನ್ನು ಚೆಲ್ಲಿ ಚೆನ್ನಾಗಿ ಬೇಯಿಸಿದಾಗ ಅದು ತಗ್ಗುತ್ತದೆ. ಕಾರಣ ತಿಳಿಯದವರು ಅವಸರಕ್ಕೆ ಒಂದು ದಿನಕ್ಕೇ ನಿಲ್ಲಿಸಬಹುದು. ರೂಢಿಯ ಹಿಂದಿನ ಕಾರಣವನ್ನು ತಿಳಿಸುವುದೇ ತರಗತಿಯ ಉದ್ದೇಶ.

ರೂಢಿಯೇ ತಪ್ಪಿರುವ ಸಂದರ್ಭಗಳೂ ಉಂಟು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ಣವಾಗಿ ಹೋಗುವುದಿಲ್ಲ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹಾಗೆಯೇ ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದುವೆ, ಜಾತ್ರೆಗಳಲ್ಲಿ ದೊಡ್ಡ ಹಂಡೆಯ ಅನ್ನ ನಿಧಾನವಾಗಿ ಆರುತ್ತದೆ. ಅಂತಹ ಅನ್ನದಲ್ಲಿ ಕೆಲವು ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗದು. ಆದುದರಿಂದ ತರಗತಿಗೆ ಊರಿನ ಅಡುಗೆ ಭಟ್ಟರು, ಬಿಸಿಯೂಟದ ಸಿಬ್ಬಂದಿ ಹಾಗೂ ಮನೆಯ ಗಂಡಸರೂ ಬರಬೇಕು.

ವರ್ಷಕ್ಕೆ ಎರಡು ತರಗತಿಗಳು ಸಾಕು: ಮಿಡಿ ಬರುವ ಮುನ್ನ ಒಂದು, ಮಳೆ ಹಿಡಿಯುವ ಮುನ್ನ ಇನ್ನೊಂದು. ಸಂಜೀವಿನಿ ಒಕ್ಕೂಟದ ಮೂಲಕ ಸಮುದಾಯ ಭವನದಲ್ಲಿ, ಕೂಲಿ ಕೆಲಸಕ್ಕೆ ಹೋಗುವ ಮಹಿಳೆಯರಿಗೂ ಅನುಕೂಲವಾಗುವ ಹೊತ್ತಿನಲ್ಲಿ ಇವು ನಡೆಯಲಿ. ಶುದ್ಧ ನೀರು, ಕೈತೊಳೆಯುವ ಸೋಪು ಹಾಗೂ ಒಂದು ತಕ್ಕಡಿ ಅಲ್ಲಿರಲಿ. ಊರಿನ ಅನುಭವಿ ಹಿರಿಯ ಮಹಿಳೆ ಹಾಗೂ ಕೃಷಿ ವಿಜ್ಞಾನ ಕೇಂದ್ರದ ತಜ್ಞರು ಜೊತೆಯಾಗಿ ಕಲಿಸಲಿ. ಹಿರಿಯರು ಹಿಡಿಯಲ್ಲಿ ಅಳೆಯುವ ಉಪ್ಪನ್ನು ತೂಗಿ, ಇಷ್ಟು ಮಿಡಿಗೆ ಇಷ್ಟು ಉಪ್ಪು ಎಂದು ಬರೆದಿಟ್ಟರೆ ಅವರ ಅನುಭವ ಮುಂದಿನ ತಲೆಮಾರಿಗೆ ಉಳಿಯುತ್ತದೆ. ತಯಾರಿಸಿದ್ದನ್ನು ಮಾರಲು ಬಯಸುವ ಸಂಘಗಳಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಮಾಡಿಸುವ ಕ್ರಮವನ್ನೂ ತಿಳಿಸಬೇಕು.

ಇದಕ್ಕೆ ತಗಲುವ ವೆಚ್ಚ ಅಲ್ಪ. ಸದಸ್ಯರು ತಮ್ಮ ವಾರ್ಡಿನ ಮಹಿಳೆಯರೊಡನೆ ಚರ್ಚಿಸಿ, ಮುಂದಿನ ಗ್ರಾಮ ಸಭೆಯಲ್ಲಿ ವಿಷಯವನ್ನು ಮಂಡಿಸಿ, ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಕ್ರಮ ವಹಿಸಬೇಕೆಂದು ಕೋರಲಾಗಿದೆ. ಭರಣಿ ತುಂಬುವ ಕಾಲಕ್ಕೆ ಮೊದಲ ತರಗತಿ ಮುಗಿದಿರಲಿ.